ತುತ್ತೂರಿಗಾರನ ಬೆರಳುಗಳು

ಶಿಷ್ಯ ಕೇಳಿದ: "ಗುರುಗಳೇ, ಹಿರಿಯರು ತಪ್ಪು ಹೊರಿಸಿದಾಗ, ಮಾಡಿರದಿದ್ದರೂ ತಲೆಬಾಗಿ ಒಪ್ಪಿಕೊಳ್ಳುವುದು ವಿನಯವಲ್ಲವೇ?"

ಗುರುಗಳು ಕತೆ ಹೇಳಿದರು.

ಒಂದು ಊರಿನ ಬ್ಯಾಂಡಿನಲ್ಲಿ ಒಬ್ಬ ತುತ್ತೂರಿಗಾರನಿದ್ದ. ಹದಿನೆಂಟು ವರ್ಷ ಒಂದೇ ಹಿತ್ತಾಳೆಯ ತುತ್ತೂರಿಯನ್ನು ನುಡಿಸಿದ್ದ. ಅದು ಬ್ಯಾಂಡಿನ ಮೇಷ್ಟರಿಗೆ ಅವರ ಗುರುವಿನಿಂದ ಬಂದ ವಾದ್ಯ. ಅದನ್ನು ಬಿಚ್ಚಕೂಡದು, ಬೆರಳಿನಿಂದ ಒತ್ತುವ ವಾಲ್ವು ಬಿಗಿಯಾದರೆ ಮೇಲಿನಿಂದ ಎಣ್ಣೆ ಬಿಟ್ಟರೆ ಸಾಕು ಎಂಬುದು ಮೇಷ್ಟರ ಕಟ್ಟಪ್ಪಣೆ.

ಬರಬರುತ್ತಾ ನಡುವಿನ ವಾಲ್ವು ಒತ್ತಿದರೆ ಮೇಲೇಳಲು ತಡಮಾಡತೊಡಗಿತು. ತುತ್ತೂರಿಗಾರ ಎರಡು ಸಲ ಹೇಳಿಕೊಂಡ. ಮೇಷ್ಟರು ಇನ್ನಷ್ಟು ಎಣ್ಣೆ ಬಿಡಿಸಿದರು. ಕೊನೆಗೊಂದು ಮೆರವಣಿಗೆಯಲ್ಲಿ ಅದು ಕೆಳಗೇ ಕಚ್ಚಿಕೊಂಡಿತು. ಸ್ವರ ಕೆಟ್ಟಿತು, ಜನ ನಕ್ಕರು. ನಿನ್ನ ಬೆರಳಿಗೆ ಸೋಮಾರಿತನ ಹತ್ತಿದೆ, ತಪ್ಪೊಪ್ಪಿಕೋ, ಇಲ್ಲವೇ ನಾಳೆಯಿಂದ ತುತ್ತೂರಿ ಬಿಟ್ಟು ತಾಳ ಹಿಡಿ ಎಂದು ಮೇಷ್ಟರು ಎಲ್ಲರೆದುರೇ ಹೇಳಿದರು.

ಮರುದಿನ ಬೆಳಿಗ್ಗೆ ಅವನು ಬ್ಯಾಂಡಿನವರ ಜಗಲಿಯಲ್ಲಿ ಬಟ್ಟೆ ಹಾಸಿ ಕುಳಿತು ವಾಲ್ವಿನ ಮುಚ್ಚಳಕ್ಕೆ ಕೈಹಾಕಿದ.

"ಬಿಚ್ಚಿದೆಯೋ, ಈ ಬ್ಯಾಂಡಿನಲ್ಲಿ ನಿನಗೆ ಜಾಗವಿಲ್ಲ" ಎಂದರು ಮೇಷ್ಟರು.

"ಹೋದರೆ ಹೋಗಲಿ, ಮೇಷ್ಟರೇ. ತಪ್ಪು ನನ್ನ ಬೆರಳಿನದೋ ಇದರೊಳಗಿನದೋ ನೋಡದೆ ನಾನು ಏಳುವುದಿಲ್ಲ."

ಅವನು ಮುಚ್ಚಳ ತಿರುಗಿಸಿ ವಾಲ್ವನ್ನು ಹೊರಗೆಳೆದ. ವರ್ಷಗಟ್ಟಲೆ ಬಿಟ್ಟ ಎಣ್ಣೆ ಕೊಳೆಯೊಡನೆ ಸೇರಿ ಕಪ್ಪು ಅಂಟಾಗಿ ಮೆತ್ತಿಕೊಂಡಿತ್ತು. ಅದನ್ನು ಎಲ್ಲರಿಗೂ ಕಾಣುವಂತೆ ಬಟ್ಟೆಗೆ ಒರೆಸಿದ. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ವಾಲ್ವನ್ನು ತೊಳೆದ. ಕಡ್ಡಿಗೆ ಅರಿವೆ ಸುತ್ತಿ ಕೊಳವೆಯ ಒಳಗನ್ನು ಉಜ್ಜಿದ. ಒಣಗಿಸಿ, ಎರಡೇ ಹನಿ ತೆಳು ಎಣ್ಣೆ ಸವರಿ, ಮೊದಲಿದ್ದ ಹಾಗೆಯೇ ಕೂರಿಸಿ ಒತ್ತಿದ. ವಾಲ್ವು ಬೆರಳಿನ ಜೊತೆಗೇ ಮೇಲೆದ್ದಿತು. ಎದ್ದು ನಿಂತು, ಹಿಂದಿನ ದಿನ ಕೆಟ್ಟ ಸಾಲನ್ನೇ ನುಡಿಸಿದ. ಒಂದು ಸ್ವರವೂ ತಪ್ಪಲಿಲ್ಲ.

ಮೇಷ್ಟರು ಬೀದಿಯ ಕಡೆ ಕೈ ತೋರಿಸಿದರು. ಅವನು ತುತ್ತೂರಿಯನ್ನು ಅವರ ಕೈಗೇ ಕೊಟ್ಟು ಇಳಿದು ಹೋದ. ಆಮೇಲೆ ಪಕ್ಕದ ಊರಿನ ಮದುವೆ ಬ್ಯಾಂಡಿನಲ್ಲಿ, ಯಾರೋ ಬಿಟ್ಟುಹೋದ ತುತ್ತೂರಿ ಹಿಡಿದು, ಕೊನೆಯ ಸಾಲಿನಲ್ಲಿ ನಿಂತು ಹೊಟ್ಟೆ ಹೊರೆದ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. ತಪ್ಪೊಪ್ಪಿಕೊಂಡು ಕೈಮುಗಿದಿದ್ದರೆ ಆ ಒಳ್ಳೆಯ ತುತ್ತೂರಿ ಅವನಿಗೇ ಉಳಿಯುತ್ತಿತ್ತಲ್ಲ ಎಂದ.

ಗುರುಗಳು ಹೇಳಿದರು: "ಉಳಿಯುತ್ತಿತ್ತು. ಆದರೆ ಮಾಡದ ತಪ್ಪನ್ನು ಒಪ್ಪಿಕೊಂಡ ಬೆರಳುಗಳು ಅದರಲ್ಲಿ ಏನನ್ನು ನುಡಿಸುತ್ತಿದ್ದವು?"