ಹೊಡೆದುಹಾಕಿದ ಮೊದಲ ಸಾಲು

"ನನ್ನೆದುರು ಕೂತಾಗ ಒಂದು ಲೆಕ್ಕವನ್ನೂ ತಪ್ಪು ಮಾಡದ ಮಕ್ಕಳು ಪರೀಕ್ಷೆಯಲ್ಲಿ ಬಿದ್ದುಹೋಗುತ್ತಾರೆ. ನನ್ನ ಪಾಠದಲ್ಲಿ ಏನು ಕೊರತೆ, ಗುರುಗಳೇ?" ಎಂದು ಶಿಷ್ಯ ಕೇಳಿದ. ಅವನು ಹೈಸ್ಕೂಲು ಮಕ್ಕಳಿಗೆ ಮನೆಯಲ್ಲಿ ಗಣಿತದ ಟ್ಯೂಷನ್ ಹೇಳುತ್ತಿದ್ದ.

ಗುರುಗಳು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಲೆಕ್ಕದ ಮೇಷ್ಟರಿದ್ದರು. ಬಯ್ಯುವವರಲ್ಲ, ಹೊಡೆಯುವವರಲ್ಲ. ಮಗು ಒಂದು ಸಾಲು ಬರೆದು ತಲೆಯೆತ್ತಿದರೆ, ಸರಿಯಿದ್ದಾಗ "ಹೂಂ" ಎನ್ನುವರು. ತಪ್ಪಿದ್ದರೆ ಸುಮ್ಮನಿರುವರು. ಮಗು ಅದನ್ನು ಹೊಡೆದುಹಾಕಿ ಬೇರೆ ಸಾಲು ಬರೆಯುವುದು. ಸಾಲಿಗೊಂದು ಹೂಂ. ಹೀಗಾಗಿ ಅವರ ಮನೆಯಲ್ಲಿ ಯಾವ ಲೆಕ್ಕವೂ ತಪ್ಪುತ್ತಿರಲಿಲ್ಲ. ಆ ಮೇಷ್ಟರ ಕೈಗೆ ಸಿಕ್ಕರೆ ದಡ್ಡರೇ ಇಲ್ಲವೆಂದು ಊರು ಹೇಳಿತು. ಮೇಷ್ಟರೂ ನಂಬಿದರು.

ಒಬ್ಬ ತಾಯಿ ಹತ್ತನೆಯ ತರಗತಿಯ ಮಗಳನ್ನು ಕರೆತಂದಳು. ತಾಯಿ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳು.

"ಸಾರಿಗೆ ಉಪ್ಪು ಹಾಕೋಕೂ ನನ್ನ ಮುಖ ನೋಡೋ ಹುಡುಗಿ ಇದು, ಮೇಷ್ಟ್ರೇ. ಪಾಸಾದ್ರೆ ಕಾಲೇಜು. ಇಲ್ಲಾಂದ್ರೆ ನನ್ನ ಪಕ್ಕದ ಮಿಷನ್ನು ಕಾಯ್ತಾ ಇದೆ."

"ನೋಡಲಿ ಬಿಡಮ್ಮ. ನನ್ನ ಮುಖ ನೋಡಿದರೆ ಲೆಕ್ಕವಾದರೂ ಬರುತ್ತೆ," ಎಂದು ಮೇಷ್ಟರು ನಕ್ಕರು.

ಹುಡುಗಿ ಚುರುಕು. ಅವರು ಕಂಡ ಮಕ್ಕಳಲ್ಲೇ ಚುರುಕು. ಪ್ರಮೇಯ, ವರ್ಗ ಸಮೀಕರಣ, ಯಾವುದಕ್ಕೂ ತಡವರಿಸಲಿಲ್ಲ. ಒಂದು ಸಾಲು ಬರೆಯುವಳು, ತಲೆಯೆತ್ತುವಳು. ಹೂಂ. ಮುಂದಿನ ಸಾಲು. ಇವಳು ಕಾಲೇಜಿಗೆ ಹೋದ ಹಾಗೆಯೇ ಎಂದುಕೊಂಡರು ಮೇಷ್ಟರು.

ಪರೀಕ್ಷೆಯಲ್ಲಿ ಅವಳು ಗಣಿತಕ್ಕೇ ಬಿದ್ದಳು.

ಮೇಷ್ಟರು ಪೇಪರು ತಿದ್ದಿದವರನ್ನು ಶಪಿಸಿದರು. ಉತ್ತರಪತ್ರಿಕೆಯ ನಕಲು ತರಿಸಿದರು. ಪ್ರತಿ ಲೆಕ್ಕಕ್ಕೂ ಮೊದಲ ಸಾಲು ಸರಿಯಾಗಿತ್ತು. ಅದನ್ನು ಹೊಡೆದುಹಾಕಿದ್ದಳು. ಕೆಳಗೆ ಬೇರೆ ಸಾಲು. ಅದನ್ನೂ ಹೊಡೆದುಹಾಕಿದ್ದಳು. ಪುಟ ಪುಟವೂ ಹಾಗೇ.

"ಸರಿಯಿತ್ತಲ್ಲ ಮಗಾ, ಯಾಕೆ ಹೊಡೆದುಹಾಕಿದೆ?"

"ಅಲ್ಲಿ ಎಲ್ಲರೂ ಸುಮ್ಮನಿದ್ದರು, ಸರ್."

ಆ ಮಾತು ಮೇಷ್ಟರಿಗೆ ಅರ್ಥವಾಗಲು ಒಂದು ದಿನ ಹಿಡಿಯಿತು.

ಮರುಪರೀಕ್ಷೆಗೆ ಇಪ್ಪತ್ತು ದಿನವಿತ್ತು. ಇನ್ನು ನಾನು ಹೂಂ ಅನ್ನುವುದಿಲ್ಲ, ಸರಿಯೋ ತಪ್ಪೋ ನೀನೇ ನೋಡಿಕೋ ಎಂದರು. ಹುಡುಗಿ ತಲೆಯಾಡಿಸಿದಳು. ಬರೆದಳು. ತಲೆಯೆತ್ತಿದಳು. ಮೇಷ್ಟರು ಗೋಡೆ ನೋಡಿದರು. ಅವಳು ಸರಿಯಿದ್ದ ಸಾಲನ್ನು ಹೊಡೆದುಹಾಕಿದಳು. ಮತ್ತೆ ಬರೆದಳು, ಮತ್ತೆ ಹೊಡೆದುಹಾಕಿದಳು. ಮರುದಿನವೂ ಅದೇ. ಹತ್ತನೆಯ ದಿನವೂ ಅದೇ. ಹಾಳೆ ಹರಿಯಿತು. ಹುಡುಗಿ ಅಳಲಿಲ್ಲ. ತನಗೆ ಏನೂ ಬರುವುದಿಲ್ಲವೆಂದು ಅವಳಿಗೆ ಆಗಲೇ ಖಾತ್ರಿಯಾಗಿತ್ತು.

ಹತ್ತೊಂಬತ್ತನೆಯ ದಿನ ಮೇಷ್ಟರಿಗೆ ತಡೆಯಲಾಗಲಿಲ್ಲ. ಬಾಯಿಂದ ಹೂಂ ಜಾರಿಬಿಟ್ಟಿತು.

ಹುಡುಗಿಯ ಮುಖಕ್ಕೆ ಜೀವ ಬಂತು. ಸಾಲಿಗೊಂದು ಹೂಂ. ಲೆಕ್ಕ ಮುಗಿಯಿತು. ಎಲ್ಲೂ ತಪ್ಪಿರಲಿಲ್ಲ. "ಬಂತು, ಸರ್!" ಎಂದು ಪುಸ್ತಕ ಎದೆಗವಚಿಕೊಂಡು ಮನೆಗೆ ಓಡಿದಳು. ಮೇಷ್ಟರು ಅವಳು ಹೋದ ದಾರಿಯನ್ನು ನೋಡಲಿಲ್ಲ.

ಮರುಪರೀಕ್ಷೆಯಲ್ಲೂ ಬಿದ್ದಳು.

ವರ್ಷದ ಮೇಲೆ ತಾಯಿ ಸಂತೆಯಲ್ಲಿ ಸಿಕ್ಕಳು. ಮೇಷ್ಟರು ಮುಖ ಮರೆಸಿಕೊಳ್ಳಲು ನೋಡಿದರು. ಅವಳೇ ನಿಲ್ಲಿಸಿದಳು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಗಾರ್ಮೆಂಟ್ಸ್‌ನಲ್ಲಿ ಅವಳಿಗೆ ಒಳ್ಳೇ ಹೆಸರು. ಪ್ರತಿ ಕಾಲರೂ ಎತ್ತಿ ತೋರಿಸ್ತಾಳೆ. ಕೇಳದೆ ಒಂದು ಹೊಲಿಗೆ ಮುಂದೆ ಹಾಕಲ್ಲ ಅಂತ ಸೂಪರ್‌ವೈಸರು ಎಲ್ಲರ ಮುಂದೆ ಹೊಗಳಿದ್ರು. ಎಲ್ಲಾ ನೀವು ಕಲಿಸಿದ್ದು."

ಮೇಷ್ಟರು ಅಂದಿನಿಂದ ಟ್ಯೂಷನ್ ಬಿಟ್ಟರು. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಮಕ್ಕಳು ಪಕ್ಕದ ಬೀದಿಯ ಮೇಷ್ಟರ ಬಳಿ ಹೋದರು.

ಗುರುಗಳು ಕತೆ ನಿಲ್ಲಿಸಿದರು.

"ಮಗು ತಪ್ಪು ಮಾಡಲಿ, ತಪ್ಪನ್ನು ತಾನೇ ಕಂಡುಕೊಳ್ಳಲಿ ಎಂದು ಮೊದಲ ದಿನದಿಂದಲೇ ಬಿಡಬೇಕು," ಎಂದ ಶಿಷ್ಯ. ಹಾಗೆಂದು ತಲೆಯೆತ್ತಿ ಗುರುಗಳನ್ನು ನೋಡಿದ.

ಗುರುಗಳು ಸುಮ್ಮನಿದ್ದರು.

"ಅಲ್ಲ, ಅಲ್ಲ. ಮಕ್ಕಳಿಗೆ ಇನ್ನೂ ಹೆಚ್ಚು ಪರೀಕ್ಷೆ ಕೊಟ್ಟು ರೂಢಿ ಮಾಡಿಸಬೇಕು. ಅಲ್ಲವೇ, ಗುರುಗಳೇ?"

"ಸರಿಯಿತ್ತಲ್ಲ, ಯಾಕೆ ಹೊಡೆದುಹಾಕಿದೆ?" ಎಂದರು ಗುರುಗಳು.