ಏರಿಸಿದ ವೋಲ್ಟೇಜ್

ಡಾಕ್ಟರ್ ಮಡಿವಾಳಯ್ಯನವರ ಪ್ರಯೋಗಾಲಯದಲ್ಲಿ ದಿನದ ಮೊದಲ ಪರೀಕ್ಷೆ ರೋಗಿಯದಲ್ಲ, ಯಂತ್ರದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳನ್ನು, ಜೀವಕೋಶಗಳ ಗುರುತುಗಳನ್ನು ಹೊಳಪಿನಿಂದ ಪತ್ತೆಹಚ್ಚುವ ಫ್ಲೋ ಸೈಟೋಮೀಟರಿನಲ್ಲಿ ಹಾಯಿಸಿ, ಅವುಗಳ ಹೊಳಪು ಗೊತ್ತುಮಾಡಿದ ಅಂಕಿಗೆ ಬರುವಂತೆ ವೋಲ್ಟೇಜ್ ಹೊಂದಿಸುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ.

ಶಿಷ್ಯೆ ಮಂದಾಕಿನಿ ಮುಟ್ಟಿದಳು. ಜಾಣೆ, ಅದೇ ತೊಂದರೆ.

ಒಂಬತ್ತು ವರ್ಷದ ನೀಲವ್ವನಿಗೆ ರಕ್ತದ ಕ್ಯಾನ್ಸರ್ ಎಂಬುದು ಖಚಿತವಾಗಿತ್ತು. ಲಿಂಫಾಯ್ಡೋ ಮೈಲಾಯ್ಡೋ, ಯಾವ ಬಗೆಯದು ಎಂದು ತಿಳಿಯದೆ ಚಿಕಿತ್ಸೆ ಶುರುಮಾಡುವಂತಿರಲಿಲ್ಲ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ವಾರ್ಡಿನಿಂದ ಆಗಲೇ ಎರಡು ಸಲ ಫೋನ್ ಬಂದಿತ್ತು.

ಮಂದಾಕಿನಿ ಜೀವಕೋಶಗಳ ಚಿತ್ರ ತಂದು, ಇದು ಲಿಂಫಾಯ್ಡ್ ಬಗೆ ಎಂದಳು. ಮಕ್ಕಳಲ್ಲಿ ಹೆಚ್ಚು ಕಾಣುವುದು ಅದೇ, ಹೆಚ್ಚು ವಾಸಿಯಾಗುವುದೂ ಅದೇ.

ಗುರುಗಳು ಚಿತ್ರ ನೋಡಲಿಲ್ಲ. ಅದರ ಕೆಳಗಿನ ಅಂಕಿ ನೋಡಿದರು.

"ವೋಲ್ಟೇಜ್ ಯಾಕೆ ಏರಿದೆ?"

"ಗುರುತಿನ ಹೊಳಪು ಮಂಕಾಗಿತ್ತು ಸರ್. ಸ್ವಲ್ಪ ಏರಿಸಿದೆ, ಸ್ಪಷ್ಟವಾಯ್ತು."

"ಸ್ಪಷ್ಟವಾಯ್ತೋ, ನಿನಗೆ ಬೇಕಾದ ಹಾಗಾಯ್ತೋ?"

ಗುರುಗಳು ಯಂತ್ರದ ಮುಂದಿನ ಕುರ್ಚಿ ಬಿಟ್ಟುಕೊಟ್ಟರು. ಮಂದಾಕಿನಿ ಹಳೆಯ ಅಂಕಿಗೆ ಮರಳಿ, ಮಣಿಗಳನ್ನು ಮತ್ತೆ ಹಾಯಿಸಿ ನೋಡಿ, ಉಳಿದಿದ್ದ ನೀಲವ್ವನ ಅಸ್ಥಿಮಜ್ಜೆಯ ಮಾದರಿಯನ್ನು ಯಂತ್ರಕ್ಕೆ ಕೊಟ್ಟಳು.

ಏರಿಸಿದ ವೋಲ್ಟೇಜಿನಲ್ಲಿ ಹೊಳೆದಂತೆ ಕಂಡಿದ್ದ ಲಿಂಫಾಯ್ಡ್ ಗುರುತು ಈಗ ಹೊಳೆಯಲಿಲ್ಲ. ಮೈಲಾಯ್ಡ್ ಗುರುತುಗಳು ಮಾತ್ರ ಹೊಳೆದವು. ಬೇರೆ ರೋಗ, ಬೇರೆ ಔಷಧ.

ಮಂದಾಕಿನಿಗೆ ನಾಚಿಕೆಗಿಂತ ಭಯವೇ ಹೆಚ್ಚಿತ್ತು.

"ಸರ್, ಮೂವತ್ತು ವರ್ಷ ನೋಡಿದ ಕಣ್ಣು ನಿಮ್ಮದು. ನಿಮಗೂ ಈ ಮಣಿಗಳು ಬೇಕಾ?"

"ಆ ಮಗುವಿಗೆ ಲಿಂಫಾಯ್ಡೇ ಆಗಿರಲಿ ಅಂತ ನನಗೂ ಇತ್ತು. ಕಣ್ಣಿಗೆ ಆಸೆ ಇರುತ್ತೆ. ಮಣಿಗಿಲ್ಲ."

ಎಲ್ಲವನ್ನೂ ಇನ್ನೊಮ್ಮೆ ತಾಳೆ ನೋಡಿ ಅವಳು ವರದಿ ಬರೆದಳು. ಮೂರನೇ ಸಲ ಫೋನ್ ಬಂತು. ಇದಕ್ಕೆ ನೀವೇ ಸಹಿ ಹಾಕಿ, ನಿಮ್ಮ ಹೆಸರಿದ್ದರೆ ವಾರ್ಡಿನವರು ಮರುಮಾತಾಡುವುದಿಲ್ಲ ಎಂದು ಬೇಡಿಕೊಂಡಳು.

ಅದು ನಿಜವೇ. ಮಡಿವಾಳಯ್ಯನವರು ಹೇಳಿದರೆ ಮುಗಿಯಿತು ಎನ್ನುವವರು ಆ ಆಸ್ಪತ್ರೆಯ ತುಂಬ ಇದ್ದರು. ಆ ಮಾತು ಅವರಿಗೆ ಎಂದೂ ಹಿಡಿಸಿರಲಿಲ್ಲ.

ಅವರು ಪೆನ್ನನ್ನು ಅವಳ ಕಡೆ ಸರಿಸಿದರು.

"ನೀಲವ್ವನಂಥ ಮಕ್ಕಳು ನಾನಿಲ್ಲದ ಊರಲ್ಲೂ ಇದಾರೆ ತಾಯಿ. ಅಲ್ಲೂ ಇದೇ ಉತ್ತರ ಬರಬೇಕು. ಸಹಿ ನೀನೇ ಹಾಕು."