ಮೂರನೇ ಹುಣಸೆ ಬೀಜ

ನದಿಯ ದಂಡೆಯ ಮೇಲೊಂದು ಆಶ್ರಮವಿತ್ತು. ಕಥೆಗಳಲ್ಲಿ ಬರುವ ಆಶ್ರಮಗಳೆಲ್ಲ ನದಿಯ ದಂಡೆಯ ಮೇಲೇ ಇರುತ್ತವೆ. ಇದು ಅಲ್ಲಿದ್ದದ್ದು ನೀರಿನ ಅನುಕೂಲಕ್ಕೆ.

ಆಶ್ರಮಕ್ಕೆ ಅಂಟಿಕೊಂಡು ಎಂಟು ಹಾಸಿಗೆಯ ದವಾಖಾನೆ. ಅದನ್ನು ನಡೆಸುತ್ತಿದ್ದವರು ಕರಿಬಸಯ್ಯ ಡಾಕ್ಟರು. ಎಪ್ಪತ್ತು ದಾಟಿದ್ದರು. ಪ್ರವಚನ ಹೇಳುತ್ತಿರಲಿಲ್ಲ, ಗುಳಿಗೆ ಕೊಡುತ್ತಿದ್ದರು. ಅದಕ್ಕೇ ಇರಬೇಕು, ಜನ ಅವರನ್ನು ಅಜ್ಜಾರು ಎಂದು ಕರೆದು ಕಾಲಿಗೆ ಬೀಳುತ್ತಿದ್ದರು.

ಅವರ ಬಳಿ ಕಲಿಯಲು ವೈಜನಾಥನೆಂಬ ಎಳೆಯ ಡಾಕ್ಟರ್ ಬಂದ.

ದೊಡ್ಡೂರಿನ ಆಸ್ಪತ್ರೆಯಲ್ಲಿ ಅವನಿಗೊಂದು ಹೆಸರಿತ್ತು. ಸಲೈನ್ ಹಚ್ಚಲು ಯಾರಿಗೂ ನರ ಸಿಗದಿದ್ದರೆ ವೈಜನಾಥನನ್ನು ಕರೆಯುತ್ತಿದ್ದರು. ಅವನು ಬೆರಳಾಡಿಸಿ ಚುಚ್ಚಿದರೆ ನರ ತಾನಾಗಿ ಬಂದು ಸೂಜಿಗೆ ಕೂರುತ್ತಿತ್ತಂತೆ. ಓಡುವ ಆಂಬುಲೆನ್ಸಿನಲ್ಲೂ ಹಾಗೇ. ಒಮ್ಮೆ ಆನೆಗೂ ಹಚ್ಚಿದ್ದನೆಂದು ಹೇಳುವವರಿದ್ದಾರೆ. ಆನೆಯನ್ನು ಯಾರೂ ಕೇಳಿಲ್ಲ.

ಮೊದಲ ದಿನ ಅಜ್ಜಾರು ಕೇಳಿದರು: "ಎಷ್ಟು ಸಲ ಕೈ ತಪ್ಪೇತಿ, ತಮ್ಮಾ?"

"ನನ್ನ ಕೈ ಎಂದೂ ತಪ್ಪಿಲ್ರಿ, ಅಜ್ಜಾರ."

"ಹಂಗಾದ್ರ ತಪ್ಪಿದಾಗ ಏನು ಮಾಡಬೇಕು ಅಂತ ನಿನಗ ಗೊತ್ತಿಲ್ಲ."

ವೈಜನಾಥ ನಕ್ಕ. ಅಜ್ಜಾರು ನಗಲಿಲ್ಲ.

ಆ ದವಾಖಾನೆಯಲ್ಲೊಂದು ಪದ್ಧತಿಯಿತ್ತು. ಬೆಳಿಗ್ಗೆ ಅಡುಗೆ, ಉಳಿದ ಹೊತ್ತು ಆಯಾ ಕೆಲಸ ಮಾಡುತ್ತಿದ್ದ ನೀಲವ್ವ, ಸೂಜಿಯ ತಟ್ಟೆ ತರುವಾಗ ಅದರ ಅಂಚಿಗೆ ಎರಡು ಹುಣಸೆ ಬೀಜ ಇಟ್ಟು ತರುತ್ತಿದ್ದಳು. ಒಂದು ಸಲ ಚುಚ್ಚಿ ನರ ಸಿಗದಿದ್ದರೆ ಒಂದು ಬೀಜ ಆಚೆಗೆ. ಇನ್ನೊಮ್ಮೆ ತಪ್ಪಿದರೆ ಇನ್ನೊಂದು.

"ಎರಡೂ ಹೋದ ಮ್ಯಾಲೆ?" ಎಂದ ವೈಜನಾಥ.

ಅಜ್ಜಾರು ಗೋಡೆಯತ್ತ ಬೆರಳು ತೋರಿಸಿದರು. ಅಲ್ಲಿ ಮೊಳೆಗೊಂದು ತಗಡಿನ ಡಬ್ಬಿ ತೂಗುತ್ತಿತ್ತು. ಒಳಗೆ ಗಿಡ್ಡನೆಯ, ದಪ್ಪನೆಯ ಒಂದು ಸೂಜಿ. ಅದರ ಹೊಟ್ಟೆಯಲ್ಲೊಂದು ಉಕ್ಕಿನ ಕಡ್ಡಿ, ತಲೆಯ ಮೇಲೆ ಹಿಡಿದು ತಿರುವಲು ಗುಬಟು.

"ಜೀವ ಹೋಗೂ ಹಂಗಿದ್ರ, ಅದು. ಮೊಣಕಾಲಿನ ಕೆಳಗ, ಎಲುಬಿನೊಳಗ."

"ಅಜ್ಜಾರ, ಅದು ನರ ಸಿಗದವರ ಕೆಲಸ."

"ಹೌದು," ಎಂದರು ಅಜ್ಜಾರು. "ನರ ಸಿಗದವರದ."

ಮರುದಿನ ಅವನನ್ನು ತೋಟಕ್ಕೆ ಕರೆದೊಯ್ದರು. ಪಂಪು ನಡೆದಿತ್ತು. ನೀರು ತುಂಬಿದ ರಬ್ಬರು ಬಟ್ಟೆಯ ಪೈಪು ಹೆಬ್ಬಾವಿನ ಹಾಗೆ ಉಬ್ಬಿ ಮಲಗಿತ್ತು. ಪಕ್ಕದಲ್ಲಿ ಹಳೆಯ ಕಾಲದ, ನೀರು ಹಾಯಿಸುವ ಬಿದಿರಿನ ಕೊಳವೆ. ಅಜ್ಜಾರು ಪಂಪು ಬಂದ್ ಮಾಡಿದರು.

"ಪೈಪು ಹ್ಯಾಂಗಾತು?"

"ಚಪ್ಪಟೆ ಆತ್ರಿ."

"ಬಿದಿರು?"

"ಹೆಂಗಿತ್ತೋ ಹಂಗ ಐತ್ರಿ."

ಅಜ್ಜಾರು ಪಂಪು ಮತ್ತೆ ಹಚ್ಚಿ ಸಂಧ್ಯಾವಂದನೆಗೆ ಹೊರಟುಹೋದರು. ಆಗ ಬೆಳಗಿನ ಹತ್ತು ಗಂಟೆ. ಉತ್ತರ ಕೊಡಲು ಮನಸ್ಸಿಲ್ಲದಾಗೆಲ್ಲ ಅವರಿಗೆ ಸಂಧ್ಯಾಕಾಲವಾಗುತ್ತಿತ್ತು.

ಎಲುಬಿಗೆ ಚುಚ್ಚಲು ಕಲಿಯುವವರು ಬೇರೆಡೆ ಕೋಳಿಯ ಕಾಲಿನ ಮೇಲೆ ಕೈ ಪಳಗಿಸುತ್ತಾರೆ. ಆಶ್ರಮದೊಳಗೆ ಕೋಳಿಯ ಕಾಲು ಬಂದರೆ ಕೋಳಿಯ ಜೊತೆಗೇ ಬರಬೇಕು, ಅದೂ ಜೀವಂತ. ಹಾಗಾಗಿ ಅಜ್ಜಾರು ಒಂದು ಬುಟ್ಟಿ ಬೇಲದ ಹಣ್ಣು ಇಳಿಸಿದರು.

"ಹೊರಗ ಕಟ್ಟಿಗೆಯಂಥಾ ಚಿಪ್ಪು. ಒಳಗ ಮೆತ್ತಗ. ತಿರುವಿಕೋತ ಒತ್ತು. ಚಿಪ್ಪು ದಾಟಿದ್ದು ಕೈಗೆ ತಿಳೀತೈತಿ. ತಿಳಿದ ಕೂಡಲೆ ನಿಲ್ಲು."

ವೈಜನಾಥ ಹಣ್ಣನ್ನು ಅಂಗೈಯಲ್ಲಿಟ್ಟುಕೊಂಡು ಒತ್ತಿದ. ಅಜ್ಜಾರು ನೋಡಿದರು, ಬೇಡವೆನ್ನಲಿಲ್ಲ. ಸೂಜಿ ಚಿಪ್ಪು ದಾಟಿತು, ತಿರುಳು ದಾಟಿತು, ಆಚೆಯ ಚಿಪ್ಪನ್ನೂ ದಾಟಿ ಅಂಗೈಗೆ ಇಳಿಯಿತು.

"ಅಯ್ಯಯ್ಯೋ!"

"ನರ ಸಿಕ್ತೇನು?" ಎಂದರು ಅಜ್ಜಾರು.

ಅಂದಿನಿಂದ ವೈಜನಾಥ ಕಾಲಿನ ಹಿಂದೆ, ಅಂದರೆ ಹಣ್ಣಿನ ಹಿಂದೆ, ಎಂದೂ ಕೈಯಿಡಲಿಲ್ಲ.

ಎಷ್ಟು ಹಣ್ಣು ಚುಚ್ಚಿದ? ಶಿಷ್ಯರ ಕಥೆಯಲ್ಲಿ ಇಂಥದಕ್ಕೆ ಸಾವಿರ ಎನ್ನುವುದು ವಾಡಿಕೆ. ನಲವತ್ತಾಗಿರಬಹುದು. ತೂತುಬಿದ್ದ ಹಣ್ಣೆಲ್ಲ ನೀಲವ್ವನ ಪಾಲಿಗೆ ಬಂದವು. ಬೆಳಿಗ್ಗೆ ಬೇಲದ ಪಾನಕ, ಮಧ್ಯಾಹ್ನ ಬೇಲದ ಚಟ್ನಿ, ಸಂಜೆ ಬೆಲ್ಲದ ಜೊತೆ ಬರೀ ಬೇಲ. ಮೂರನೇ ವಾರಕ್ಕೆ ಅವಳೇ ಬಂದು ನಿಂತಳು.

"ಡಾಕ್ಟ್ರ, ಆ ಹಣ್ಣಿಗೆ ಏನರ ಜಡ್ಡು ಐತೇನ್ರಿ? ದಿನಾ ಸೂಜಿ ಮಾಡಾಕತ್ತೀರಿ. ಅವು ಆರಾಮಾಗವಲ್ವು, ನಾವು ಮಲಗೂ ಹಂಗಾಗೇತಿ."

ವೈಜನಾಥನ ಕೈ ಪಳಗಿತು. ಮನಸ್ಸು ಪಳಗಲಿಲ್ಲ. ಅವನ ಅಂಗಿಯ ಕಿಸೆಯಲ್ಲೊಂದು ಹುಣಸೆ ಬೀಜವಿತ್ತು. ತಟ್ಟೆಯ ಎರಡೂ ಬೀಜ ಹೋದಾಗ, ಯಾರೂ ನೋಡದಿದ್ದಾಗ, ಅದನ್ನು ಮೆಲ್ಲಗೆ ತಟ್ಟೆಗೆ ಇಳಿಸುತ್ತಿದ್ದ. ಮೂರನೇ ಸಲಕ್ಕೆ, ಹೆಚ್ಚೆಂದರೆ ನಾಲ್ಕನೇ ಸಲಕ್ಕೆ ನರ ಸಿಕ್ಕೇ ಸಿಗುತ್ತಿತ್ತು. ಎಲ್ಲ ಗಟ್ಟಿ ಮುದುಕಿಯರು, ಅವಸರವಿಲ್ಲದ ರೋಗಿಗಳು. ಯಾರಿಗೆ ಏನು ನಷ್ಟ? ಎಂದೂ ತಪ್ಪದ ಕೈ ಹೀಗೆ ಎಂದೂ ತಪ್ಪದೆ ಉಳಿದಿತ್ತು.

ಒಂದು ಮಧ್ಯಾಹ್ನ ಹರಿಗೋಲಿನಲ್ಲಿ ಹೊಳೆ ದಾಟಿ ಒಬ್ಬ ಹೆಣ್ಣುಮಗಳು ಬಂದಳು. ಆಚೆ ದಂಡೆಯಲ್ಲಿ ಬೀಡುಬಿಟ್ಟಿದ್ದ ಕುರಿಗಾರರವಳು. ಹೆಸರು ಬರಮವ್ವ. ಕಂಬಳಿಯಲ್ಲಿ ಸುತ್ತಿ ತಂದದ್ದು ಎರಡು ವರ್ಷದ ಮಗ, ಬೀರ.

"ನಿನ್ನೆಯಿಂದ ವಾಂತಿ ಭೇದಿ, ಯಪ್ಪಾ. ಮುಂಜಾನೆತನಕ ಅಳತಿದ್ದ. ಈಗ ಅಳವಲ್ಲ."

ವೈಜನಾಥ ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟ. ಮಡಿಕೆ ಹಾಗೇ ನಿಂತಿತು. ಕಣ್ಣು ಗುಳಿಬಿದ್ದಿದ್ದವು. ಕೈಕಾಲು ಹೊಳೆಯ ಕಲ್ಲಿನ ಹಾಗೆ ತಣ್ಣಗೆ. ನಾಡಿ ಇದೆಯೋ ಇಲ್ಲವೋ. ಕುಡಿಸೋಣವೆಂದರೆ ಎಚ್ಚರವಿಲ್ಲ. ಮೈಯೊಳಗೆ ನೀರು ಹೋಗಬೇಕು, ಈಗಲೇ.

ನೀಲವ್ವ ತಟ್ಟೆ ತಂದಳು. ಅಂಚಿಗೆ ಎರಡು ಬೀಜ.

ವೈಜನಾಥ ಮೊಣಕೈಯಲ್ಲಿ ಹುಡುಕಿದ. ಬೆರಳಿಗೆ ಏನೂ ಸಿಗಲಿಲ್ಲ. ಅಂದಾಜಿನ ಮೇಲೆ ಚುಚ್ಚಿದ. ಒಣ ಸೂಜಿ.

ಅಜ್ಜಾರು ಒಂದು ಬೀಜ ಆಚೆ ಸರಿಸಿದರು.

ಪಾದದ ಮೇಲೆ ಚುಚ್ಚಿದ. ಒಂದು ಹನಿ ಕಾಣಿಸಿದಂತಾಯಿತು. ಸಲೈನ್ ಬಿಟ್ಟರೆ ಚರ್ಮ ಉಬ್ಬಿತು. ಅದೂ ಇಲ್ಲ.

ಎರಡನೇ ಬೀಜವೂ ಹೋಯಿತು.

ಮಗು ಅಳಲಿಲ್ಲ. ಎರಡು ಸಲ ಚುಚ್ಚಿಸಿಕೊಂಡು ಅಳದ ಮಗುವನ್ನು ವೈಜನಾಥ ಅಂದು ಮೊದಲ ಸಲ ನೋಡಿದ್ದು. ಆದರೂ ಅವನ ಕೈ ತಾನಾಗಿ ಕಿಸೆಗೆ ಹೋಯಿತು. ಟಕ್ ಎಂದು ಮೂರನೇ ಬೀಜ ತಟ್ಟೆಗೆ ಬಿತ್ತು.

"ಇನ್ನೊಂದೇ ಒಂದು ಸಲ, ಅಜ್ಜಾರ. ತಲಿ ಮ್ಯಾಲೆ ಒಂದು ನರ ಕಾಣಾಕತ್ತೈತಿ. ಖರೇ ಸಿಗ್ತೈತಿ."

ಅಜ್ಜಾರು ಆ ಬೀಜ ಎತ್ತಿ ಬಾಯಿಗೆ ಹಾಕಿಕೊಂಡರು. ಕಡಿಯಲು ಹಲ್ಲಿಲ್ಲ. ದವಡೆಗೆ ಒತ್ತರಿಸಿಕೊಂಡು, ಕೆನ್ನೆ ಉಬ್ಬಿಸಿಕೊಂಡು ಕೇಳಿದರು:

"ಈ ಮೂರನೇದು ಯಾರಿಗೆ? ಹುಡುಗಗೋ, ನಿನಗೋ?"

ವೈಜನಾಥನ ಮುಖಕ್ಕೆ ರಕ್ತ ನುಗ್ಗಿತು. ಅವನಲ್ಲಿ ಬೇಕಾದಷ್ಟಿತ್ತು.

ಅಜ್ಜಾರು ಗೋಡೆಯ ಡಬ್ಬಿಯತ್ತ ಹೋಗಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತರು. ವೈಜನಾಥನೇ ಹೋದ. ಮೊಳೆಯಿಂದ ಡಬ್ಬಿ ಇಳಿಸಿ, ಸೂಜಿ ತೆಗೆದು, ಮಗುವಿನ ಮೊಣಕಾಲಿನ ಕೆಳಗೆ ಎಲುಬು ಮುಟ್ಟಿ ನೋಡಿದ.

"ಎಲುಬಿಗೆ ಸೂಜಿ ಹಾಕ್ತೀರಾ, ಯಪ್ಪಾ?" ಎಂದಳು ಬರಮವ್ವ.

"ಹೌದವ್ವಾ," ಎಂದರು ಅಜ್ಜಾರು. "ನೀರಿಲ್ಲದ ಮೈಯಾಗ ನರ ಚಪ್ಪಟೆ ಬೀಳ್ತಾವ. ಎಲುಬು ಬೀಳೂದಿಲ್ಲ. ಅದರೊಳಗ ಹಾಕಿದ್ದು ಎದಿಗೆ ಹೋಗಿ ಮುಟ್ಟತೈತಿ."

ಅವಳು ಒಂದು ಗಳಿಗೆ ಮಗನ ಮುಖ ನೋಡಿದಳು. "ಎಲುಬಿನೊಳಗ ಜೀವ ಇರತೈತಿ ಅಂತ ಕುರಿ ಕಾಯೂ ನಮಗ ಗೊತ್ತೈತಿ. ಹಾಕ್ರಿ."

ಮೊಣಕಾಲ ಚಿಪ್ಪಿನ ಕೆಳಗೆ ಎಲುಬಿನ ಉಬ್ಬು. ಅದರಿಂದ ಒಂದು ಬೆರಳು ಕೆಳಗೆ, ಒಳಮಗ್ಗುಲಿಗೆ, ಸಪಾಟಾದ ಜಾಗ. ವೈಜನಾಥ ಅಲ್ಲಿ ಔಷಧಿ ಹಚ್ಚಿ ಒರೆಸಿದ. ತೊಡೆ ಹಿಡಿದ ಎಡಗೈಯನ್ನು ಒಮ್ಮೆ ನೋಡಿಕೊಂಡ. ಕಾಲಿನ ಹಿಂದಿರಲಿಲ್ಲ. ಸೂಜಿಯನ್ನು ನೆಟ್ಟಗಿಟ್ಟು, ತುದಿಯನ್ನು ಕೊಂಚ ಪಾದದ ಕಡೆ ಓರೆ ಮಾಡಿ, ತಿರುವುತ್ತ ಒತ್ತಿದ.

ಗಟ್ಟಿ. ಇನ್ನೂ ಗಟ್ಟಿ. ಆಮೇಲೆ ಒಮ್ಮೆಲೇ ಹಗುರ.

ಬೇಲದ ಚಿಪ್ಪು.

ನಿಲ್ಲಿಸಿದ.

ಕೈ ಬಿಟ್ಟ. ಸೂಜಿ ತಾನೇ ಕಂಬದ ಹಾಗೆ ನಿಂತಿತ್ತು. ಒಳಗಿನ ಕಡ್ಡಿ ತೆಗೆದು ಸಿರಿಂಜಿನಿಂದ ಎಳೆದಾಗ ಕೆಂಪಗೆ ಒಂದಿಷ್ಟು ಬಂತು. ಸಲೈನ್ ಒತ್ತಿದ. ಮೀನಖಂಡ ಉಬ್ಬಲಿಲ್ಲ. ಹೋಗಬೇಕಾದಲ್ಲಿಗೆ ಹೋಗುತ್ತಿತ್ತು.

"ಬಾಟಲಿ ತೂಗು ಹಾಕಿ ಕುಂದ್ರಬ್ಯಾಡ," ಎಂದರು ಅಜ್ಜಾರು. "ಎಲುಬು ತಾನಾಗಿ ಕುಡಿಯೂದಿಲ್ಲ. ಒತ್ತಿ ಕುಡಿಸು."

ಒತ್ತಿದ. ಒಂದು ಸಿರಿಂಜು, ಇನ್ನೊಂದು, ಮತ್ತೊಂದು. ನೀಲವ್ವ ತುಂಬಿ ಕೊಡುತ್ತಿದ್ದಳು, ಅವನು ಒತ್ತುತ್ತಿದ್ದ. ಹೆಬ್ಬೆರಳು ಸೋತಿತು. ಆಮೇಲೆಲ್ಲೋ ನಾಡಿ ಬೆರಳಿಗೆ ತಾಕಿತು, ಬಾಗಿಲ ಆಚೆ ಯಾರೋ ಮೆಲ್ಲಗೆ ತಟ್ಟಿದ ಹಾಗೆ.

ಬೀರ ಕಣ್ಣು ತೆರೆದ. ತನ್ನ ಕಾಲಿನಲ್ಲಿ ನಿಂತ ಸೂಜಿಯನ್ನು ನೋಡಿದ. ಆಮೇಲೆ ಹೊಳೆಯ ಆಚೆ ದಂಡೆಯ ಕುರಿಗಳೂ ಬೆದರುವ ಹಾಗೆ ಅತ್ತ.

ಬರಮವ್ವ ಅದುವರೆಗೆ ಅತ್ತಿರಲಿಲ್ಲ. ಈಗ ಅವಳೂ ಶುರುಮಾಡಿದಳು.

ಮೈಗೆ ನೀರು ಬಂದ ಮೇಲೆ ನರವೂ ಬಂತು. ಸಂಜೆಯೊಳಗೆ ಮಗುವಿನ ಮುಂಗೈಯ ಮೇಲೆ ದಾರದಂತೆ ಎದ್ದು ನಿಂತಿತ್ತು. ವೈಜನಾಥ ಒಂದೇ ಸಲಕ್ಕೆ ಹಚ್ಚಿದ. ಎಲುಬಿನ ಸೂಜಿ ತೆಗೆದು ಪಟ್ಟಿ ಸುತ್ತಿದ. ಮರುದಿನ ಬೀರ ಗಂಜಿ ಕುಡಿದ. ನೀಲವ್ವ ಕೊಟ್ಟ ಬೇಲದ ಪಾನಕವನ್ನು ಮಾತ್ರ ಉಗುಳಿದ. ಆಶ್ರಮದಲ್ಲಿ ಆ ಧೈರ್ಯ ಮಾಡಿದವನು ಅವನೊಬ್ಬನೇ.

ಅಂದು ಸಂಜೆ ತಾಯಿ ಮಗನನ್ನು ಹೊತ್ತ ಹರಿಗೋಲು ಆಚೆ ದಂಡೆ ಮುಟ್ಟುವವರೆಗೂ ಗುರು ಶಿಷ್ಯರು ಮೆಟ್ಟಿಲ ಮೇಲೆ ಕೂತು ನೋಡಿದರು.

"ಕಿಸೆಯಾಗಿನ ಬೀಜ ನಿಮಗ ಯಾವಾಗ ಗೊತ್ತಾತ್ರಿ?" ಎಂದ ವೈಜನಾಥ.

"ನೀ ಬಂದ ದಿನ. ಎಂದೂ ತಪ್ಪದವರ ಕಿಸೆಯಾಗ ಅದು ಇದ್ದ ಇರತೈತಿ."

ಅಜ್ಜಾರು ಬೀಜವೊಂದನ್ನು ತೆಗೆದು ಅವನ ಅಂಗೈಗೆ ಹಾಕಿದರು. ನಿನ್ನೆ ಬಾಯಲ್ಲಿಟ್ಟುಕೊಂಡಿದ್ದೇ. ತೊಳೆದಿದ್ದರು.

"ನಿಂದು ನೀ ಇಟ್ಕೋ. ನನ್ನವು ನನ್ನ ಹತ್ರ ಅದಾವ."

ಸೊಂಟದ ಸಂಚಿ ಬಿಚ್ಚಿ ಮೆಟ್ಟಿಲ ಮೇಲೆ ಸುರಿದರು. ಸವೆದು ಕಪ್ಪಗೆ ಹೊಳೆಯುವ ಹುಣಸೆ ಬೀಜಗಳು. ವೈಜನಾಥ ಎಣಿಸಿದ. ಆರು.

"ಇವೇನ್ರಿ?"

"ಮೂರನೇದರಿಂದ ಎಂಟನೇದರ ತನಕ. ಎಲ್ಲಾ ಒಂದ ಕೂಸಿಗೆ. ಮೂವತ್ತೊಂದು ವರ್ಷದ ಹಿಂದ. ಎಲುಬಿನ ಸೂಜಿ ಪಕ್ಕದ ಕಪಾಟಿನ್ಯಾಗ ಇತ್ತು. ತರ್ಲೇನ್ರಿ ಅಂತ ಸಿಸ್ಟರು ಎರಡು ಸಲ ಕೇಳಿದ್ಲು."

ಹೊಳೆಯ ಮೇಲೆ ಖಾಲಿ ಹರಿಗೋಲು ತಿರುಗುತ್ತ ಈಚೆಗೆ ಬರತೊಡಗಿತ್ತು.

"ನರ ಸಿಕ್ತೇನ್ರಿ, ಅಜ್ಜಾರ?"

"ಎಂಟನೇ ಸಲಕ್ಕ ಸಿಕ್ತು. ನನ್ನ ಕೈನೂ ಎಂದೂ ತಪ್ಪಿದ್ದಲ್ಲ."

ವೈಜನಾಥ ಮತ್ತೆ ಬೀಜಗಳನ್ನು ನೋಡಿದ. ಕೇಳಬಾರದೆಂದುಕೊಂಡ. ಕೇಳಿದ.

"ಆ ಕೂಸಿಗೆ ಈಗ ಎಷ್ಟು ವಯಸ್ಸಾಗೇತ್ರಿ?"

ಅಜ್ಜಾರು ಒಂದೊಂದೇ ಬೀಜ ಆರಿಸಿ ಸಂಚಿಗೆ ಹಾಕಿಕೊಂಡು ದಾರ ಬಿಗಿದರು.

"ಮೂರ ವರ್ಷ," ಎಂದರು. "ಆವಾಗೂ ಮೂರು, ಈಗೂ ಮೂರು."